ಲೀಲಾಕ್ಷಿಗೆ ಬದಲಿ ಯಾರು?

ಬೆಳಗಿನ ಐದೂವರೆ. ಮರಾಠಿ ಸೀಮೆಯ ನಿಗಡಿಯ ಹೋಟೆಲಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಲೀಲಾಕ್ಷಿ ಕರಾವಳಿಯ ಕಾಪುವಿಗೆ ಫೋನು ಮಾಡುತ್ತಿದ್ದಾರೆ. ಆ ಕಡೆ ಇರುವುದು ದೋಸೆ ಹೊಯ್ಯುವ ಭುಜಂಗನ ತಾಯಿ. ಕಾಲುನೋವು, ಕೋಳಿ, ಗದ್ದೆ ಎಲ್ಲ ವಿಚಾರಿಸಿ ಕೊನೆಗೆ ಬೇಕಾದ ಮಾತಿಗೆ ಬರುತ್ತಾರೆ: ಮನೆ ದೈವದ ನೇಮೋತ್ಸವಕ್ಕೆ ದಿನ ನಿಗದಿಯಾಯಿತಾ? ಆಗಿದೆ. ಫೋನಿಟ್ಟವರೇ ಕೆಲಸದವರ ರಜೆ ಬರೆಯುವ ಪುಸ್ತಕ ತೆರೆದು, ಭುಜಂಗನ ಹೆಸರಿನ ಎದುರು ಫೆಬ್ರವರಿಯ ಆರು ದಿನಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಒಳಗೆ ಕಾವಲಿ ಒರೆಸುತ್ತಿರುವ ಭುಜಂಗನಿಗೆ ತಾನು ಊರಿಗೆ ಹೋಗಲಿದ್ದೇನೆಂದು ಇನ್ನೂ ಗೊತ್ತಿಲ್ಲ.

"ಗಂಡಸರತ್ರ ಕೇಳಿದ್ರೆ ಹಿಂದಿನ ದಿನ ಹೇಳ್ತಾರೆ ಮಾರ್ರೆ. ತಾಯಂದಿರತ್ರ ಕೇಳಿದ್ರೆ ಎರಡು ತಿಂಗಳು ಮೊದಲೇ ಸಿಗ್ತದೆ."

ನಿಗಡಿ, ಖರಾಡಿ, ದೌಂಡ ಸೇರಿ ಮೂರು ಹೋಟೆಲು, ನಲವತ್ತೇಳು ಮಂದಿ. ಇಂದು ಯಾರು ಎಲ್ಲಿ, ಮಾರ್ಚಿಗೆ ಎಷ್ಟು ಜನ ಕಡಿಮೆ ಬೀಳುತ್ತಾರೆ, ಪಾತ್ರೆ ತೊಳೆಯುವವರಲ್ಲಿ ಯಾರನ್ನು ಈಗಲೇ ಒಲೆಯ ಮುಂದೆ ನಿಲ್ಲಿಸಿ ಪಳಗಿಸಬೇಕು, ಎಲ್ಲವೂ ಈ ಐವತ್ತನಾಲ್ಕರ ಹೆಂಗಸಿನ ತಲೆಯಲ್ಲಿ. ಸಂಬಳದ ಪಟ್ಟಿಯಲ್ಲಿ ಮಾತ್ರ ಅವರು ಇಂದಿಗೂ ‘ತರಕಾರಿ ಹೆಚ್ಚುವವರು’. ಹತ್ತೊಂಬತ್ತು ವರ್ಷದ ಹಿಂದೆ ಸೇರಿದ್ದು ಹಾಗೆ, ತಿದ್ದುವ ಪುರುಸೊತ್ತು ಯಾರಿಗೂ ಆಗಿಲ್ಲ.

ಪುಸ್ತಕದಲ್ಲಿ ಪ್ರತಿ ಹೆಸರಿನ ಪಕ್ಕ ಬದಲಿಯವರ ಹೆಸರಿದೆ. ಲೀಲಾಕ್ಷಿಯ ಪಕ್ಕ ಖಾಲಿ. ವರ್ಷದ ಹಿಂದೆ ಊರಲ್ಲಿ ತಾಯಿ ಹಾಸಿಗೆ ಹಿಡಿದಾಗ ಎರಡು ಸಲ ರಜೆ ಕೇಳಿದರು. ಮಾಲಕ ಸುಖೇಶ್ ಇಲ್ಲವೆನ್ನಲಿಲ್ಲ. "ಲೀಲಕ್ಕ, ನೀವಿಲ್ಲದಿದ್ರೆ ಹೋಟೆಲು ನಡೀಲಿಕ್ಕುಂಟಾ?" ಎಂದು ನಕ್ಕರು. ಲೀಲಾಕ್ಷಿ ಊರು ಮುಟ್ಟುವಾಗ ಚಿತೆ ಆರಿತ್ತು.

"ಬೈದಿದ್ರೆ ಅವತ್ತೇ ಹೊರಟು ಹೋಗ್ತಿದ್ದೆ. ಹೊಗಳಿ ಕೂರಿಸಿದ್ರಲ್ಲ."

ಬರುವ ತಿಂಗಳು ಹನ್ನೊಂದಕ್ಕೆ ತಾಯಿಯ ವರ್ಷಾಂತಿಕ. ಐದು ದಿನ ಬೇಕು. ಅದಕ್ಕೆಂದೇ ಎಂಟು ತಿಂಗಳು ಕ್ಯಾಶಿನ ಶರಣ್ಯಾಳನ್ನು ಪಕ್ಕ ಕೂರಿಸಿಕೊಂಡು, ಯಾವ ತಾಯಿಯ ಹತ್ತಿರ ಏನು ಮಾತಾಡಬೇಕೆಂಬುದರ ತನಕ ಎಲ್ಲ ಕಲಿಸಿದರು. ಖಾಲಿ ಜಾಗದಲ್ಲಿ ಅವಳ ಹೆಸರು ಬರೆದರು. ಕಳೆದ ಸೋಮವಾರ ಸುಖೇಶ್ ಅವಳನ್ನು ಖರಾಡಿಗೆ ಮ್ಯಾನೇಜರ್ ಮಾಡಿ ಕಳಿಸಿದರು. ಲೀಲಕ್ಕ ತಯಾರು ಮಾಡಿದ ಹುಡುಗಿ, ಕಣ್ಣು ಮುಚ್ಚಿ ನಂಬಬಹುದು ಎಂದು ಎಲ್ಲರಿಗೂ ಪೇಡೆ ಹಂಚಿದರು. ಲೀಲಾಕ್ಷಿಗೆ ಎರಡು ಸಿಕ್ಕಿದವು.

ಪುಟ ತಿರುಗಿಸಿ ತೋರಿಸುತ್ತಾರೆ. ಶರಣ್ಯಾಳ ಹೆಸರು ಅಳಿಸಿದಲ್ಲಿ ಕಾಗದ ತೆಳ್ಳಗಾಗಿದೆ. ಆದರೆ ಅದೇ ಸಾಲಿನಲ್ಲಿ, ಜನವರಿಯ ಐದು ದಿನಕ್ಕೆ ಗೆರೆ ಬಿದ್ದಿದೆ, ಪೆನ್ನಿನಲ್ಲಿ.

"ನಾನು ಯಾವಾಗ ಊರಿಗೆ ಹೋಗ್ತೇನಂತ ಇವರು ಯಾರತ್ರ ಕೇಳ್ತಾರೆ ಹೇಳಿ? ಫೋನು ಮಾಡ್ಲಿಕ್ಕೆ ತಾಯಿ ಇಲ್ವಲ್ಲ. ಅದಕ್ಕೆ ನಾನೇ ಬರೆದಿಟ್ಟೆ."