ಮೈದಾ ಅಂಟು ಮತ್ತು ಐದನೆಯ ಹೆಸರು

ಮೈದಾ ಹಿಟ್ಟಿಗೆ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹೋದರೆ ಒಂದು ಹಂತದಲ್ಲಿ ಹಸಿ ವಾಸನೆ ಹೋಗಿ ಇನ್ನೊಂದು ವಾಸನೆ ಏಳುತ್ತದೆ. ಅದು ಅಡುಗೆಯದ್ದಲ್ಲ, ಶಾಲೆಯದ್ದು. ನೀವು ನನ್ನ ವಯಸ್ಸಿನವರಾದರೆ ನಿಮಗೂ ಗೊತ್ತು. ಹೊಸ ಪುಸ್ತಕಗಳಿಗೆ ಖಾಕಿ ಹೊದಿಕೆ ಅಂಟಿಸುವ ಜೂನ್ ತಿಂಗಳ ವಾಸನೆ. ಕಳೆದ ಭಾನುವಾರ ನಾಸಿಕದ ನಮ್ಮ ಅಡುಗೆಮನೆಯಲ್ಲಿ ಅದು ಎಷ್ಟೋ ವರ್ಷಗಳ ಮೇಲೆ ಎದ್ದಿತು. ಮೊಮ್ಮಗಳು ಇರಾ ಬಾಗಿಲಲ್ಲಿ ನಿಂತು, "ಅಜ್ಜಿ, ಗಮ್ ಸಂಪಲಾ. ದುಕಾನ್ ಬಂದ್ ಆಹೇ" ಎಂದಿದ್ದಳು, ಗೋಂದು ಮುಗಿದಿದೆ, ಅಂಗಡಿ ಮುಚ್ಚಿದೆ ಎಂದು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆಗೆ ಮಾತ್ರ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ. ಇಬ್ಬರಿಗೂ ತಕರಾರಿಲ್ಲ.

ಇರಾ ಸಂಭಾಜಿನಗರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಗ್ರೂಪ್ ಪ್ರಾಜೆಕ್ಟಿಗೆಂದು ಮೂವರು ಗೆಳತಿಯರನ್ನು ಕಟ್ಟಿಕೊಂಡು ಶನಿವಾರವೇ ಬಂದಿಳಿದಿದ್ದಳು. ಅವರು ಮಾಡುತ್ತಿರುವುದು ಈರುಳ್ಳಿಯನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವ ಯಂತ್ರ, ಸದ್ಯಕ್ಕೆ ರಟ್ಟಿನದು. ಎರಡು ದಿನದಿಂದ ನಮ್ಮ ಡ್ರಾಯಿಂಗ್ ರೂಮಿನಲ್ಲಿ ಈರುಳ್ಳಿಗಳು ಅತಿಥಿಗಳಂತೆ ಓಡಾಡಿಕೊಂಡಿದ್ದವು. ಒಂದು ದಿವಾನದ ಕೆಳಗೆ ಹೋದದ್ದು ಇನ್ನೂ ಸಿಕ್ಕಿಲ್ಲ.

ಗ್ರೂಪಿನಲ್ಲಿ ಐದು ಜನ. ಐದನೆಯವಳಾದ ಶಿವಲೀಲಾ ಬಂದಿರಲಿಲ್ಲ. ಹಿಂದಿನ ಮೂರು ಮೀಟಿಂಗಿಗೂ ಅವಳು ಬಂದಿಲ್ಲವಂತೆ. ಅವಳ ತಂದೆ ತಾಯಿ ವಿಜಾಪುರದ ಕಡೆಯವರು, ಸಂಭಾಜಿನಗರದ ಪಕ್ಕದ ವಾಳೂಜಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ ಎಂಬುದಷ್ಟೇ ಇವರಿಗೆ ಗೊತ್ತು. ಸಂಜೆ ನಾಲ್ಕರೊಳಗೆ ತಂಡದ ಹೆಸರುಪಟ್ಟಿಯನ್ನು ಕಾಲೇಜಿಗೆ ಮೇಲ್ ಮಾಡಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಈ ಸೆಮಿಸ್ಟರಿನ ಪ್ರಾಜೆಕ್ಟ್ ಮಾರ್ಕ್ಸ್ ಇಲ್ಲ. ಲೀಡರ್ ಇರಾ. ಒಲೆಯ ಪಕ್ಕದ ಕಟ್ಟೆಗೆ ಒರಗಿ ಕೇಳಿದಳು: "ಅಜ್ಜಿ, ಟೆಲ್ ಮಿ ಒನ್ ಥಿಂಗ್. ಶುಡ್ ಐ ಕೀಪ್ ಹರ್ ನೇಮ್ ಆರ್ ಡ್ರಾಪ್ ಇಟ್? ಶುಡ್ ಐ ಬಿ ನೈಸ್ ಆರ್ ಎಫೆಕ್ಟಿವ್?"

ಅಂಟು ಕಾಯಿಸುತ್ತಿರುವ ಮುದುಕಿಗೆ ಕೇಳುವ ಪ್ರಶ್ನೆಯೇ ಇದು? "ತಡಿ, ಗಂಟಾಗ್ತದ" ಎಂದು ನಾನು ಸೌಟಿನ ಹಿಂದೆ ಅಡಗಿಕೊಂಡೆ. ಆದರೆ ಆ ವಾಸನೆ ನನ್ನನ್ನು ಬಿಡಬೇಕಲ್ಲ.

ಯಾಕೆಂದರೆ ನಾನೂ ಒಂದು ಕಾಲದಲ್ಲಿ ಲೀಡರ್. ಆಗ ಅಪ್ಪನಿಗೆ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ನಮಗೆಲ್ಲ ಅಲ್ಲಿನ ಕಾಲನಿಯಲ್ಲಿ ಮನೆ, ನನಗೆ ನಾಸಿಕದ ಕಾನ್ವೆಂಟು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಧಾರವಾಡದ ಹುಡುಗಿ ಮೂರು ತಿಂಗಳಲ್ಲಿ "ಎಕ್ಸ್‌ಕ್ಯೂಸ್ ಮಿ, ಸಿಸ್ಟರ್" ಎನ್ನುವುದನ್ನು ಎಷ್ಟು ಚೆಂದ ಕಲಿತಳೆಂದರೆ ಮನೆಯಲ್ಲಿ ಅವ್ವನಿಗೂ ಎಕ್ಸ್‌ಕ್ಯೂಸ್ ಮಿ ಅಂದು ಬೈಸಿಕೊಂಡಳು. ಆ ವರ್ಷ ಭೂಗೋಳದ ಪ್ರದರ್ಶನಕ್ಕೆ ಗೋದಾವರಿಯ ಮಾಡೆಲ್ ಮಾಡಬೇಕೆಂದು ಸಿಸ್ಟರ್ ಆಗ್ನೆಸ್ ಹೇಳಿದರು. ತ್ರ್ಯಂಬಕದಿಂದ ಪೈಠಣದವರೆಗೆ. "ಚೂಸ್ ಯುವರ್ ಟೀಮ್, ಅಂಡ್ ಚೂಸ್ ವೈಸ್ಲಿ" ಎಂದು ನನ್ನ ಕಡೆ ನೋಡಿದರು.

ನಾನು ಆರಿಸಿದ್ದು ಪದ್ಮಾ ಮತ್ತು ಇನ್ನಿಬ್ಬರನ್ನು. ಎಲ್ಲರೂ ಕಾಲನಿಯವರು, ಎಲ್ಲರೂ ರ್‍ಯಾಂಕಿನವರು, ಎಲ್ಲರೂ ನನ್ನ ಬೆಂಚಿನವರು. ನನ್ನ ಬರ್ತ್‌ಡೇಗೆ ಕರೆಯುವ ಪಟ್ಟಿಗೂ ಈ ಪಟ್ಟಿಗೂ ಏನೂ ವ್ಯತ್ಯಾಸವಿರಲಿಲ್ಲ. ಯಾರೂ ಆರಿಸದೆ ಉಳಿದ ಕಮಲ್ ಎಂಬ ಹುಡುಗಿಯನ್ನು ಸಿಸ್ಟರೇ ನಮಗೆ ಕೊಟ್ಟರು. ಪಂಚವಟಿಯಲ್ಲಿ ಅವಳ ಮನೆಯವರು ಗಣಪತಿ ಮೂರ್ತಿ ಮಾಡುತ್ತಿದ್ದರು. ಇಂಗ್ಲಿಷ್ ಅವಳಿಗೆ ಕಷ್ಟ. ಅವಳಿಗೆ ಯಾವ ಕೆಲಸ ಕೊಡುವುದೆಂದು ತಿಳಿಯದೆ, ಅಂಟು ಮಾಡಿಕೊಂಡು ಬಾ ಎಂದೆ.

ಉಳಿದ ನಾಲ್ವರು ನಾಲ್ಕು ಹಲಗೆ ಹಂಚಿಕೊಂಡೆವು. ಒಬ್ಬೊಬ್ಬಳು ಒಂದೊಂದು ತುಂಡು ನದಿಯನ್ನು ಮನೆಯಲ್ಲಿ ಮಾಡಿ ತರುವುದು. ನಾನು ಚೀಟಿಯಲ್ಲಿ ಬರೆದುಕೊಟ್ಟೆ: ಪ್ರತಿ ಹಲಗೆಯಲ್ಲೂ ಕೆಳ ಅಂಚಿನಿಂದ ಆರರ ಎತ್ತರದಲ್ಲಿ ನದಿ ಒಳಗೆ ಬರಬೇಕು, ಆರರ ಎತ್ತರದಲ್ಲೇ ಹೊರಗೆ ಹೋಗಬೇಕು. ಆರು ಏನು ಎಂದು ಬರೆಯಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಬರೆಯುವ ಅಗತ್ಯವಿರಲಿಲ್ಲ. ಅಪ್ಪ ಬೆಂಗಳೂರಿನಲ್ಲಿ ಹಳೆಯ ಯಂತ್ರಗಳ ಮೇಲೆ ಕೆಲಸ ಕಲಿತವರು, ಜಗತ್ತೇ ಇಂಚಿನಲ್ಲಿದೆ ಎಂದು ನಂಬಿದವರು. ಪದ್ಮಾಳ ಅಪ್ಪ ಹೊಸ ವಿಮಾನಗಳ ಡ್ರಾಯಿಂಗ್ ವಿಭಾಗದವರು, ಸೆಂಟಿಮೀಟರಿನವರು. ನಿಮಗೆ ಅರ್ಥವಾಗಿರಬೇಕು. ಅಪ್ಪಂದಿರು ಕೈ ಹಾಕಿದ ಮೇಲೆ ಹಲಗೆಗಳೇನೋ ವಿಮಾನದ ಭಾಗಗಳಂತೆ ಪಾಲಿಶ್ ಆಗಿ ಬಂದವು. ಪ್ರದರ್ಶನದ ಹಿಂದಿನ ಬೆಳಿಗ್ಗೆ ತರಗತಿಯ ನೆಲದ ಮೇಲೆ ಜೋಡಿಸಿದೆವು. ನನ್ನ ಗೋದಾವರಿ ಆರು ಇಂಚಿನಲ್ಲಿ ಹೊರಟರೆ ಪದ್ಮಾಳ ಗೋದಾವರಿ ಆರು ಸೆಂಟಿಮೀಟರಿನಲ್ಲಿ ಒಳಗೆ ಬರುತ್ತಿತ್ತು. ನನ್ನದು ನೀಲಿ, ಅವಳದು ಹಸಿರು. ಉಳಿದೆರಡು ಹಲಗೆಗಳ ಕಥೆಯೂ ಇಷ್ಟೇ.

ಆಮೇಲೆ ಒಂದು ತಾಸು ನಾವು ವಾದ ಮಾಡಿದ್ದು ನದಿಯ ಬಗ್ಗೆ ಅಲ್ಲ, ಯಾರ ಅಪ್ಪ ದೊಡ್ಡ ಇಂಜಿನಿಯರ್ ಎಂಬುದರ ಬಗ್ಗೆ. ಕಮಲ್ ಅಂಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: ನಾಲ್ಕು ಹಲಗೆ ನಾಲ್ಕು ಜನರದು, ಕೂಡಿಸುವ ಜಾಗ ಯಾರದು?

ಯಾರದೂ ಆಗಿರಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಳು. ಹಳೆ ಪೇಪರು ಹರಿಯಿರಿ ಎಂದಳು, ಹರಿದೆವು. ನೆನೆಸಿರಿ, ಹಿಂಡಿರಿ, ಇಷ್ಟು ನೀರು ಬೇಡ ಎಂದಳು. ರ್‍ಯಾಂಕಿನ ನಾಲ್ಕು ಹುಡುಗಿಯರು ಮೊಣಕೈತನಕ ಅಂಟು ಬಳಿದುಕೊಂಡು ಅವಳ ಮಾತು ಕೇಳಿದೆವು. ಆ ಅಂಟಿನಲ್ಲಿ ಕಲಸಿದ ಪೇಪರಿನಿಂದ ಅವಳು ಪ್ರತಿ ಸಂದಿನ ಮೇಲೂ ಒಂದೊಂದು ತಿರುವು ಕಟ್ಟಿದಳು. ಒಂದು ಕಡೆ ಗುಡ್ಡ, ಒಂದು ಕಡೆ ಸ್ನಾನಘಟ್ಟ. ಸಂಜೆಗೆ ನದಿ ಹರಿಯಿತು. ಅಷ್ಟು ನಕ್ಕ ದಿನ ನನ್ನ ಶಾಲೆಯ ಬದುಕಿನಲ್ಲಿ ಇನ್ನೊಂದಿಲ್ಲ.

ಇಷ್ಟನ್ನೂ ನಾನು ಸೌಟು ಬಿಡದೆ ಇರಾಗೆ ಹೇಳಿದೆ. ಮುಂದಿನ ಒಂದು ಚೂರು ಹೇಳಲಿಲ್ಲ, ಮುಖ್ಯ ಅನಿಸಲಿಲ್ಲ. ನಿಮಗೆ ಹೇಳಬಹುದು. ಮಾಡೆಲಿನ ಮುಂದೆ ಇಡುವ ಕಾರ್ಡು ಬರೆದವಳು ನಾನು. ನನ್ನ ಕರ್ಸಿವ್ ಎಂದರೆ ಸಿಸ್ಟರಿಗೆ ಬಲು ಮೆಚ್ಚು. ನಾಲ್ಕು ಹೆಸರು ಸಾಲಾಗಿ ಬರೆದೆ, ಕೆಳಗೆ ಸಣ್ಣದಾಗಿ "ವಿತ್ ಹೆಲ್ಪ್ ಫ್ರಮ್ ಕಮಲ್" ಎಂದು ಬರೆದೆ. ಅವಳು ಅದನ್ನು ನಿಧಾನವಾಗಿ ಓದಿ, "ಅಕ್ಷರ ಛಾನ್ ಆಹೇ ತುಝಂ" ಎಂದಳು. ನನ್ನ ಅಕ್ಷರ ಚೆಂದ ಎಂದು ಯಾರಾದರೂ ಹೇಳಿದರೆ ನಾನು ಮರೆಯುವವಳಲ್ಲ. ನಮಗೆ ಎರಡನೆಯ ಬಹುಮಾನ ಬಂತು.

ಕಥೆ ಮುಗಿಸಿ ಒಲೆ ಆರಿಸಿ ಇರಾಗೆ ಕೇಳಿದೆ, ಶಿವಲೀಲಾ ಯಾಕೆ ಬರುತ್ತಿಲ್ಲವೆಂದು ವಿಚಾರಿಸಿದ್ದೀಯಾ? ಇರಾ ಗ್ರೂಪಿನಲ್ಲಿ ಮೆಸೇಜ್ ಹಾಕಿ ಕೇಳಿದ್ದಳಂತೆ, ಅಷ್ಟೇ. "ಫೋನ್ ಹಚ್ಚು" ಎಂದೆ. ಅವಳು ಸ್ಪೀಕರಿಗೆ ಹಾಕಿ ಹಿಂದಿಯಲ್ಲಿ ಶುರುಮಾಡಿದಳು. ನಾನು ನಡುವೆ ಬಾಯಿ ಹಾಕಿದೆ.

"ಯಾಕವಾ, ಬರ್ಲೇ ಇಲ್ಲಲ್ಲ?"

ಕುಕ್ಕರಿನ ಸೀಟಿಯ ನಡುವೆಯೇ ಶಿವಲೀಲಾ ಕೇಳಿದಳು: "ಆಯಿ, ನೀವು ಕನ್ನಡದವರೇನ್ರಿ?"

"ಧಾರವಾಡದಾಕಿ. ಈಗ ಹೇಳು."

"ಬಂದು ಏನ್ ಮಾಡ್ಲಿರಿ? ಇರಾ ನಾಲ್ಕ ಮಂದಿಗಿ ನಾಲ್ಕ ಕೆಲಸ ಹಂಚ್ಯಾಳ. ನನ್ನ ಹೆಸರಿನ ಮುಂದ ಮಿಸಲೇನಿಯಸ್ ಅಂತ ಬರದಾಳ. ಹಂಗಂದ್ರ ಏನ್ ಕೆಲಸ ಅಂತ ಗ್ರೂಪ್‌ನ್ಯಾಗ ಎರಡ ಸರ್ತಿ ಕೇಳೀನ್ರಿ. ಒಬ್ಬರೂ ಹೇಳ್ಲಿಲ್ಲ."

ಇರಾ ಫೋನಿನಲ್ಲಿ ಮೇಲೆ ಮೇಲೆ ಹೋಗಿ ಹುಡುಕಿದಳು. ಎರಡೂ ಪ್ರಶ್ನೆ ಅಲ್ಲಿದ್ದವು, ಬರ್ತ್‌ಡೇ ಕೇಕಿನ ಫೋಟೋಗಳ ನಡುವೆ. ಆಮೇಲೆ ನನ್ನ ಮೊಮ್ಮಗಳು ಹುಟ್ಟಿದ ಇಪ್ಪತ್ತು ವರ್ಷದಲ್ಲಿ ನನ್ನೆದುರು ಮೊದಲ ಸಲ ಒಂದಿಡೀ ಕನ್ನಡ ವಾಕ್ಯ ಆಡಿದಳು: "ಸಾರಿ, ನಾನು ಓದಿಲ್ಲ... ನೀನು ಬೇಕು."

"ಅಯ್ಯ, ಇಕಿಗಿ ಕನ್ನಡ ಬರ್ತದ," ಎಂದಳು ಶಿವಲೀಲಾ. "ಎರಡ ವರ್ಷ ನನ್ನ ಕೂಡ ಹಿಂದಿ ಮಾತಾಡ್ಯಾಳ್ರಿ ಆಯಿ."

ನಾಲ್ಕು ಭಾಗ ಕೂಡಿಸುವ ಕೆಲಸ ಯಾರ ಪಾಲಿಗಿದೆ ಎಂದು ನಾನು ಇರಾಗೆ ಕೇಳಿದೆ. ಅವಳು ಪಟ್ಟಿ ನೋಡಿದಳು, ನನ್ನನ್ನು ನೋಡಿದಳು. ಯಾರ ಪಾಲಿಗೂ ಇರಲಿಲ್ಲ. "ನನಗ ಕೊಡ್ರಿ. ನಾಳಿ ಕಾಲೇಜಿಗಿ ತಗೊಂಡು ಬರ್ರಿ, ನೋಡ್ತೀನಿ" ಎಂದು ಸ್ಪೀಕರಿನ ದನಿ ಹೇಳಿತು. ಮೂರೂವರೆಗೆ ಐದು ಹೆಸರಿನ ಪಟ್ಟಿ ಹೋಯಿತು.

ಸಂಜೆ ಯಂತ್ರವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಮೈದಾ ಅಂಟಿನಿಂದಲೇ ಮೇಲೊಂದು ಕಾಗದ ಅಂಟಿಸಿ, ಬಸ್ಸಿಗೆ ಹೊರಡುವ ಮುನ್ನ ಇರಾ ನನ್ನನ್ನು ಕರೆದು ತೋರಿಸಿದಳು. ಐದು ಹೆಸರು ದುಂಡಗೆ, ಸಾಲಾಗಿ. ಶಿವಲೀಲಾಳ ಹೆಸರಿನ ಮುಂದೆ "ಅಸೆಂಬ್ಲಿ". ಎಲ್ಲದರ ಕೆಳಗೆ ಸಣ್ಣದಾಗಿ, ಒಂದು ಹೃದಯದ ಚಿತ್ರದ ಜೊತೆ, "ವಿತ್ ಹೆಲ್ಪ್ ಫ್ರಮ್ ಅಜ್ಜಿ".

ನಾನು ನಿಧಾನವಾಗಿ ಓದಿದೆ. "ಅಕ್ಷರ ಛಾನ್ ಆಹೇ ತುಝಂ" ಎಂದೆ.

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಇದು ನನ್ನ ಮಾತಲ್ಲ, ಕಮಲಂದು. ಇಷ್ಟು ವರ್ಷ ಇದನ್ನು ಹೊಗಳಿಕೆ ಎಂದು ಜೋಪಾನ ಮಾಡಿದ್ದೆ. ಕೆಳಗಿನ ಸಣ್ಣ ಸಾಲಿನಲ್ಲಿ ಹೆಸರಿದ್ದವಳಾಗಿ ಹೇಳುವ ಕಡೆ ನಿಂತಾಗಲೇ ಅದರ ಕಹಿ ಗೊತ್ತಾದದ್ದು.

ಗೆಳತಿಯರು ಕೆಳಗೆ ರಿಕ್ಷಾ ನಿಲ್ಲಿಸಿಕೊಂಡು ಕೂಗುತ್ತಿದ್ದರು. ಇರಾ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದಳು. ನಾನು ಅವಳ ಕೈ ಹಿಡಿದೆ.

"ಎರಡ ನಿಮಿಷ ಕೂಡು," ಎಂದೆ. "ಕಮಲಂದು ಒಂದು ಮಾತು ಹೇಳೂದು ಬಿಟ್ಟೇನಿ."