ಕತ್ತರಿ ಬೀಳದ ತುದಿ

ನನ್ನನ್ನು ನೋಡಲು ಬಂದ ದಿನ ಅತ್ತೆ ನನ್ನ ಮುಖ ನೋಡಲೇ ಇಲ್ಲ. ಜೊತೆಗೆ ಬಂದ ಹೆಂಗಸರು ನಡೆ ನೋಡಿದರು, ಜಡೆ ನೋಡಿದರು, ಒಂದು ಹಾಡು ಹೇಳಿಸಿದರು. ಅತ್ತೆ ಮಾತ್ರ ಪಕ್ಕಕ್ಕೆ ಕೂರಿಸಿಕೊಂಡು, ನನ್ನ ಬಲಗೈ ಹಿಡಿದು, ಹೆಬ್ಬೆರಳು ತೋರುಬೆರಳಿನ ತುದಿಗಳನ್ನು ತಮ್ಮ ಬೆರಳಿನಿಂದ ಮೆಲ್ಲಗೆ ತಿಕ್ಕಿ ನೋಡಿ, "ನಡೀತತಿ" ಎಂದರು. ಎತ್ತು ಕೊಳ್ಳಲು ಬಂದವರು ಹಲ್ಲು ಹಿಡಿದು ನೋಡಿದ ಹಾಗಾಯಿತಲ್ಲ ಎಂದು ನಮ್ಮವ್ವ ಒಳಗೆ ಹೋಗಿ ನಕ್ಕಳಂತೆ. ಕೈ ಹಿಡಿದವರ ಪ್ರೀತಿ ದೊಡ್ಡದು ಎಂದುಕೊಂಡೆ ನಾನು. ಅದು ಪ್ರೀತಿಯೇ ಹೌದು, ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತು ಎಂಬುದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ನಮ್ಮ ತವರು ಹಿರೇಕೆರೂರು ಕಡೆ. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಮನೆ. ಕುರಿ ಎಂದರೆ ನಮಗೆ ಹೊಲದಲ್ಲಿ ಹಿಂಡು ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವಷ್ಟೇ ಪರಿಚಯ. ಮದುವೆಯಾಗಿ ಬಂದದ್ದು ಶಿಗ್ಗಾವಿಗೂ ಹುಲಗೂರಿಗೂ ನಡುವಿನ ಒಂದು ಹಳ್ಳಿಗೆ, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಆ ಮನೆಯಲ್ಲಿ ನಲವತ್ತರಷ್ಟು ಕರಿಕುರಿ, ಪಡಸಾಲೆಯ ನೆಲ ಅಗೆದು ಕೂರಿಸಿದ ಒಂದು ಕುಣಿಮಗ್ಗ, ಎರಡು ರಾಟಿ. ಕುರಿ ಮೇಯಿಸುವುದು, ಉಣ್ಣೆ ಕತ್ತರಿಸುವುದು ನಮ್ಮ ಮನೆಯವರ, ಅಂದರೆ ನನ್ನ ಗಂಡನ ಕೆಲಸ. ಕಂಬಳಿ ನೇಯುವುದು ಮಾವನದು. ನಡುವಿನದೆಲ್ಲ, ಅಂದರೆ ಆರಿಸುವುದು, ಹಿಂಜುವುದು, ಹಂಜಿ ಮಾಡಿ ನೂಲುವುದು, ಹುಣಸೆಬೀಜ ಅರೆದು ಕುದಿಸಿ ಕಂಬಳಿಗೆ ಕುಡಿಸುವ ಗಂಜಿ ಕಾಯಿಸುವುದು ಅತ್ತೆಯದು.

ಮೊದಲ ಸಲ ಹಾನಗಲ್ಲ ಸಂತೆಗೆ ಹೋದಾಗ ನಾನು ಬೆರಗಾಗಿ ನಿಂತುಬಿಟ್ಟಿದ್ದೆ. ಮಳೆಗಾಲಕ್ಕೆ ಮೊದಲಿನ ಸಂತೆ. ಗದ್ದೆ ಕೆಲಸದವರು ಕಂಬಳಿಗಾಗಿ ಬರುವ ಕಾಲ. ಮಾವ ಕಂಬಳಿಯ ನಾಲ್ಕು ಮೂಲೆ ನಾಲ್ಕು ಜನರ ಕೈಗೆ ಕೊಟ್ಟು, ನಡುವೆ ಜೋಲು ಬಿಡಿಸಿ, ಒಂದು ಕೊಡ ನೀರು ಸುರಿದರು. ನೀರು ತೊಟ್ಟಿಯಲ್ಲಿ ನಿಂತಂತೆ ನಿಂತಿತು. ಕೆಳಗೆ ಕುಳಿತಿದ್ದ ಗಿರಾಕಿಗೆ ಚಹಾ ತರಿಸಿಕೊಟ್ಟು, ಕುಡಿದು ಮುಗಿಯುವ ತನಕ ನೆತ್ತಿಯ ಮೇಲೆ ಒಂದು ಹನಿ ಬಿದ್ದರೆ ಕಂಬಳಿ ಪುಕ್ಕಟೆ ಎಂದರು. ಆತ ಪುಕ್ಕಟೆ ಕಂಬಳಿಯ ಆಸೆಗೆ ಗುಟುಕು ಗುಟುಕಾಗಿ ಚಹಾ ಆರಿಸಿಕೊಂಡು ಕುಡಿದ. ಹನಿ ಬೀಳಲಿಲ್ಲ. ಉಣ್ಣೆ, ಹುಣಸೆಬೀಜ, ಮೂರು ಜನರ ಕೈ, ಇಷ್ಟರಿಂದ ಆದ ವಸ್ತು ಆಕಾಶದ ನೀರನ್ನು ತಡೆಯುತ್ತದೆ ಎನ್ನುವುದನ್ನು ನಾನು ಹೊಲದವರ ಮಗಳಾಗಿ ಎಂದೂ ಯೋಚಿಸಿರಲಿಲ್ಲ. ಸವಣೂರ ಸಂತೆಯಲ್ಲಿ ಮಾರುವಾಗಲೂ, ಯಲವಿಗಿ ಸ್ಟೇಷನ್ನಿನಲ್ಲಿ ಹಳಿ ಕೆಲಸದ ಗ್ಯಾಂಗಿನವರಿಗೆ ಕೊಡುವಾಗಲೂ ಇದೇ ನೀರಿನ ಕೊಡದ ಆಟ. ಎಷ್ಟು ಸಲ ನೋಡಿದರೂ ನಾನು ಕೆಳಗೆ ಬಗ್ಗಿ ಹನಿ ಹುಡುಕುತ್ತಿದ್ದೆ.

ಆದರೆ ಮನೆಯೊಳಗೆ ನಡೆಯುವುದು ಅದಕ್ಕಿಂತ ದೊಡ್ಡ ಸೋಜಿಗ. ಕತ್ತರಿಸಿದ ಉಣ್ಣೆಯನ್ನೆಲ್ಲ ನಮ್ಮ ಮನೆಯವರು ಒಂದೇ ಚೀಲಕ್ಕೆ ತುಂಬಿ ತಂದು ಸುರಿಯುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಕುಳಿತು, ಎರಡು ಬುಟ್ಟಿ ಇಟ್ಟುಕೊಂಡು, ಒಂದೊಂದು ಎಸಳು ಎತ್ತಿ ಕೆಳತುಟಿಗೆ ತಾಗಿಸಿ ಬುಟ್ಟಿಗೆ ಒಗೆಯುತ್ತಿದ್ದರು. ಬಲಬುಟ್ಟಿಗೆ ಮರಿಯುಣ್ಣೆ, ಅಂದರೆ ಮರಿಯ ಮೈಮೇಲಿಂದ ಮೊದಲ ಸಲ ಕತ್ತರಿಸಿದ್ದು, ಕಾಡಿಗೆಯಂಥ ಕಪ್ಪು. ಎಡಬುಟ್ಟಿಗೆ ಉಳಿದದ್ದು. ಕುರಿಗೆ ವಯಸ್ಸಾದಂತೆ ಅದರ ಕಪ್ಪು ಇಳಿದು ಕೆಂಪಿಗೆ ತಿರುಗುತ್ತದೆ. ಬಿಸಿಲಿಗೆ ಹಿಡಿದರೆ ಬೆಲ್ಲದ ಬಣ್ಣ. ಬಾಗಿಲಲ್ಲಿ ಬಂದವರ ಜೊತೆ ಮಾತಾಡುತ್ತಲೇ, ನನಗೆ ಒಲೆಯ ಮೇಲಿನ ಪಲ್ಯದ ನೆನಪು ಮಾಡುತ್ತಲೇ ಆರಿಸುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ. ನಾನು ಅವರ ಹಿಂದೆ ಕುಳಿತು ಬಲಬುಟ್ಟಿಯಲ್ಲಿ ಕೆಂಪು ಹುಡುಕಿ ಸೋತಿದ್ದೇನೆ. ತುಟಿಗೆ ಯಾಕೆ ತಾಗಿಸುತ್ತಾರೆ ಎಂದು ಮಾವನನ್ನು ಕೇಳಿದರೆ, ನಲವತ್ತು ವರ್ಷದಿಂದ ನಾನೂ ಕೇಳುತ್ತಿದ್ದೇನೆ, ಅದು ಆಕೆಯ ತವರಿಂದ ಬಂದ ವಿದ್ಯೆ, ಗಂಡಸರಿಗೆ ಹೇಳುವುದಿಲ್ಲವಂತೆ ಎಂದರು.

ಎರಡನೆಯ ವರ್ಷ ರಟ್ಟೀಹಳ್ಳಿ ಕಡೆಯ ಒಂದು ಗೌಡರ ಮನೆಯಿಂದ ಮಾತು ಬಂತು. ಅವರಲ್ಲಿ ಮದುವೆಗೆ ಕರಿಕಂಬಳಿಯ ಗದ್ದಿಗೆ ಹಾಕುವ ಪದ್ಧತಿ. ಕಂಬಳಿ ಮಡಿಚಿ ಹಾಸಿ, ಅಕ್ಕಿಯಿಂದ ಗೆರೆ ಬರೆದು, ಮೇಲೆ ಕಲಶ ಇಡುತ್ತಾರೆ. ಆ ಕಂಬಳಿಗೆ ಬಣ್ಣ ಸೋಕಿರಬಾರದು. ಕುರಿಯ ಮೈಮೇಲಿನ ಕಪ್ಪೇ ಆಗಿರಬೇಕು, ಕೆಂಪೆಳೆ ಬೆರೆತಿರಬಾರದು. ಮೂರು ತಲೆಮಾರಿನಿಂದ ಅದು ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಆದರೆ ಹಿಂದಿನ ಮದುವೆಗೆ ಅವಸರದಲ್ಲಿ ಪೇಟೆಯಿಂದ ತಂದಿದ್ದರಂತೆ. ಕಲಶದ ನೀರು ತುಳುಕಿದ್ದಕ್ಕೆ ಕಂಬಳಿ ಬಣ್ಣ ಬಿಟ್ಟು ಅಕ್ಕಿಯೆಲ್ಲ ಕರ್ರಗಾಗಿ ಹೆಣ್ಣಿನ ಕಡೆಯವರು ಮುಖ ಗಂಟಿಕ್ಕಿದರಂತೆ. ಈ ಸಲ ಆ ಮನೆಯ ಹಿರಿಯವ್ವ ಖುದ್ದಾಗಿ ಪರೀಕ್ಷೆ ಮಾಡುತ್ತಾರೆ, ಸರಿ ಬಂದರೆ ಅವರ ಬೀಗರ ಮನೆಗಳಿಗೂ ನಮ್ಮದೇ ಕಂಬಳಿ, ಬಾರದಿದ್ದರೆ ನಮ್ಮ ಮನೆಯದು ಅಲ್ಲಿಗೆ ಮುಗಿಯಿತು ಎಂದು ಬಂದವನು ಹೇಳಿದ. ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಎಲೆಅಡಿಕೆ ತೆಗೆದುಕೊಂಡು ಒಪ್ಪಿಬಿಟ್ಟರು.

ಆ ವಾರ ಉಣ್ಣೆ ಕತ್ತರಿಸಿ ಚೀಲ ತುಂಬಿತು. ಆರು ಮರಿಗಳಿಗೆ ಅದು ಮೊದಲ ಕತ್ತರಿ. ಅತ್ತೆ ಕುರಿಗಳಿಗೆ ರೋಗ ತಾಗದಂತೆ ಕಟ್ಟುವ ದಾರ ಮಂತ್ರಿಸಿಕೊಂಡು ಬರಲು ಹುಲಗೂರ ದರ್ಗಾಕ್ಕೆ ಹೋದವರು, ಅಲ್ಲೇ ನೆಂಟರ ಮನೆಯಲ್ಲಿ ಎರಡು ದಿನ ಉಳಿದರು. ನಾನು ಚೀಲ ಬಿಚ್ಚಿ ನೋಡಿದೆ. ಎಷ್ಟು ಚಂದದ ಕಪ್ಪು. ಆದರೆ ಒಂದೊಂದು ಎಸಳಿನ ತುದಿಗೆ ಮಾತ್ರ ಸಾಸಿವೆಯಷ್ಟು ಕೆಂಪು, ತುಕ್ಕು ಹಿಡಿದಂತೆ. ಹಿರಿಯವ್ವ ಇದನ್ನು ಹಿಡಿದುಬಿಟ್ಟರೆ? ಹೊಲಿಗೆಯ ಸಣ್ಣ ಕತ್ತರಿ ತೆಗೆದುಕೊಂಡು ಕುಳಿತೆ. ಕೆಂಪು ತುದಿ ಕಂಡ ಎಸಳನ್ನೆಲ್ಲ ಎತ್ತಿ ತುದಿ ಕತ್ತರಿಸಿ ಮತ್ತೆ ಚೀಲಕ್ಕೆ ಹಾಕಿದೆ. ಎರಡು ದಿನ. ಬೆರಳಲ್ಲಿ ಬೊಬ್ಬೆ ಬಂದವು. ಅತ್ತೆ ನೋಡಿ ಮೆಚ್ಚಲಿ ಎಂದು ಯಾರಿಗೂ ಹೇಳಲಿಲ್ಲ.

ಅತ್ತೆ ಬಂದು ಆರಿಸಲು ಕುಳಿತರು. ಒಂದು ಎಸಳು ತುಟಿಗೆ ತಾಗಿಸಿದರು, ಎಡಬುಟ್ಟಿಗೆ ಒಗೆದರು. ಇನ್ನೊಂದು, ಎಡಕ್ಕೆ. ಮತ್ತೊಂದು, ಅದೂ ಎಡಕ್ಕೆ. ಅರ್ಧ ಚೀಲ ಮುಗಿದರೂ ಬಲಬುಟ್ಟಿಯ ತಳ ಮುಚ್ಚಲಿಲ್ಲ. ಮಗನನ್ನು ಕರೆದು, ಮರಿಗಳಿಗೆ ಕತ್ತರಿ ಹಾಕಿದೆಯೋ ಇಲ್ಲವೋ ಎಂದು ಕೇಳಿದರು. ಆರಕ್ಕೂ ಹಾಕಿದೆ ಎಂದು ಹೇಳಿ ಅವರು ಕುರಿ ಹೊಡೆದುಕೊಂಡು ಹೋದರು. ಅತ್ತೆಯ ಕೈ ನಿಂತಿತು. ನಾನು ಎಡಬುಟ್ಟಿಗೆ ಬಗ್ಗಿದೆ. ಬೆಲ್ಲದ ಬಣ್ಣದ ಹಳೆಯ ಉಣ್ಣೆಯ ಮೇಲೆ ಅಚ್ಚ ಕಪ್ಪು ಎಸಳುಗಳು ಬಿದ್ದಿದ್ದವು, ಎಳ್ಳು ಚೆಲ್ಲಿದಂತೆ ಎದ್ದು ಕಾಣುತ್ತ, ಅವರ ಕಣ್ಣೆದುರೇ. ಆಗ ನನಗೆ ಹೊಳೆಯಿತು. ಅವರಿಗೆ ಕಾಣುತ್ತಿರಲಿಲ್ಲ.

"ಅತ್ತೀ, ತುದಿ ಕೆಂಪಿದ್ವು ಅಂತ ನಾನ ಕತ್ತರಿಸೇನ್ರಿ" ಎಂದೆ.

ಅವರು ಎಡಬುಟ್ಟಿಯಿಂದ ಒಂದು ಎಸಳು ಎತ್ತಿ ಮತ್ತೆ ತುಟಿಗೆ ತಾಗಿಸಿದರು. ಆಮೇಲೆ, "ಹತ್ತಿ ಬೆಳ್ಯಾವ್ರ ಮಗಳು. ಕುರೀಗೂ ಸಿಪ್ಪಿ ಸುಲದೀ ಏನವ್ವಾ" ಎಂದರು. ನನಗೆ ಅಳು ಬಂತು. ಅವರಿಗೆ ನಗು ಬಂತು. ನಗುತ್ತಲೇ ನನ್ನನ್ನು ಹತ್ತಿರ ಕೂರಿಸಿಕೊಂಡು, ತಲೆಬಾಗಿಲ ಕಡೆ ಒಮ್ಮೆ ಕಿವಿಗೊಟ್ಟು ಹೇಳಿದರು: "ಮೂರು ವರ್ಷಾತು. ಬೆಳಕು ಕಾಣ್ತತಿ, ಬಣ್ಣ ಕಾಣೂದಿಲ್ಲ. ನಿನ್ನ ಮಾವಗ ಹೇಳಬ್ಯಾಡ. ಗೊತ್ತಾದ್ರ ಉಣ್ಣೀ ಮುಟ್ಟಾಕ ಬಿಡೂದಿಲ್ಲ ನನ್ನ."

ನೋಡಲು ಬಂದ ದಿನ ನನ್ನ ಮುಖ ಯಾಕೆ ನೋಡಲಿಲ್ಲ ಎಂಬುದು ಆಗ ತಿಳಿಯಿತು. ತುಟಿಯ ವಿದ್ಯೆಯನ್ನೂ ಅವತ್ತೇ ಹೇಳಿದರು. ಮರಿಯ ಕೂದಲು ತಾಯಿಯ ಹೊಟ್ಟೆಯಲ್ಲೇ ಮೂಡಿದ್ದು. ಅದರ ತುದಿ ಸೂಜಿಗಿಂತ ಸಣ್ಣಗೆ, ಇದ್ದೂ ಇಲ್ಲದಂತೆ ಮುಗಿಯುತ್ತದೆ. ಒಮ್ಮೆ ಕತ್ತರಿ ಬಿದ್ದ ಮೇಲೆ ಬೆಳೆಯುವ ಉಣ್ಣೆಗೆ ತುದಿಯೇ ಇಲ್ಲ, ಎರಡೂ ಕಡೆ ಮೊಂಡು. ಬೆರಳಿಗೆ ತಿಳಿಯದ ಆ ಭೇದ ಕೆಳತುಟಿಗೆ ತಿಳಿಯುತ್ತದೆ. ನಾನು ಕೊಳೆ ಎಂದುಕೊಂಡ ಕೆಂಪು ಬರೀ ಬಿಸಿಲಿನ ಕಲೆ. ಹಿಂಜುವಾಗ ತಾನೇ ಮುರಿದು ಧೂಳಾಗಿ ಉದುರಿಹೋಗುವಂಥದು. ಅವರು ಓದುವ ಅಕ್ಷರವನ್ನೇ ನಾನು ಎರಡು ದಿನ ಕುಳಿತು ಅಳಿಸಿದ್ದೆ.

ಮರುದಿನ ಮಾವ ಸಂತೆಗೆ ಹೋದ ಮೇಲೆ ಹಿತ್ತಲ ಬಿಸಿಲಿನಲ್ಲಿ ಚಾಪೆ ಹಾಸಿ ಅಷ್ಟೂ ಉಣ್ಣೆ ಹರಡಿದೆವು. ನಾನು ಕಣ್ಣಿನಿಂದ ಆರಿಸಿ ಅವರ ಕೈಗೆ ಕೊಡುವುದು. ಅವರು ತುದಿಯ ಆಸೆ ಬಿಟ್ಟು, ಎಸಳನ್ನು ತುಟಿಯ ಮೇಲೆ ಅಡ್ಡ ಎಳೆದು, ಹಳೆಯ ಉಣ್ಣೆಯಂತೆ ಒರಟಾಗಿ ಚುಚ್ಚುತ್ತದೋ ಇಲ್ಲವೋ ನೋಡುವುದು. ಇಬ್ಬರೂ ಒಪ್ಪಿದ್ದು ಮಾತ್ರ ಬಲಬುಟ್ಟಿಗೆ. ನಿಧಾನದ ಕೆಲಸ. ನಾಲ್ಕು ದಿನಕ್ಕೆ ಅವರ ತುಟಿ ಸುಲಿದು ಕೆಂಪಗಾಗಿ, ಊಟದ ಖಾರ ತಾಗಿದರೆ ಕಣ್ಣು ಮುಚ್ಚುತ್ತಿದ್ದರು. ನಾನು ಕಪ್ಪು ಎಂದು ಹಟ ಹಿಡಿದದ್ದನ್ನು ಅವರು ಅಲ್ಲ ಎನ್ನುತ್ತಿದ್ದರು. ಎದ್ದು ಹೋಗಿ ಎಳೆಬಿಸಿಲಿಗೆ ಹಿಡಿದು ನೋಡಿದರೆ, ಒಳಗೆಲ್ಲೋ ಬೂದಿ ಮುಚ್ಚಿದ ಕೆಂಡದಂತೆ ಸಣ್ಣ ಕೆಂಪು. ಕಣ್ಣಿದ್ದ ನಾನು ಕಾಣದ ಬಣ್ಣವನ್ನು ಕಣ್ಣಿಲ್ಲದವರು ಚರ್ಮದಿಂದ ಕಂಡರು.

ಉಣ್ಣೆ ಸರಿಯಾಗಿ ಒಂದು ಕಂಬಳಿಗೆ ಸಾಕಾಯಿತು. ಇಬ್ಬರೂ ನೂತೆವು. ಮಾವ ಮಗ್ಗದಿಂದ ಇಳಿಸಿದರು. ಗಂಜಿ ಕುಡಿಸಿ ಒಣಗಿಸಲು ಹರಡಿದಾಗ ಅಂಚಿನಲ್ಲಿ ಒಂದು ಗೇಣಿನಷ್ಟು ಕೆಂಪೆಳೆ ನನ್ನ ಕಣ್ಣಿಗೆ ಬಿತ್ತು. ಮದುವೆಗೆ ಐದೇ ದಿನ. ಹೇಳಿದರೆ ಅತ್ತೆಯ ಜೀವ ಹಾರುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

ಹಾವೇರಿಯಲ್ಲಿ ಬಸ್ಸು ಬದಲಿಸಿ ನಾವಿಬ್ಬರೇ ಹೋದೆವು. ಆ ಮನೆಯ ಹಿರಿಯವ್ವ ಅಂಗಳದಲ್ಲಿ ಕಂಬಳಿ ಬಿಡಿಸಿದರು. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿದರು. ಬಟ್ಟೆ ಬೆಳ್ಳಗೇ ಉಳಿಯಿತು. ಬಿಸಿಲಿಗೆ ಎತ್ತಿ ಹಿಡಿಸಿ, ಹಣೆಗೆ ಕೈ ಅಡ್ಡ ಇಟ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತ ಹೋದರು. ಆ ಅಂಚು ಬಂತು. ನಾನು ನೆಲ ನೋಡಿದೆ. ಅಂಚು ದಾಟಿತು. ಅವರು ತಲೆದೂಗಿ ಎಲೆಅಡಿಕೆಯ ತಟ್ಟೆ ತರಲು ಹೇಳಿದರು.

"ಅವ್ವಾರ, ಒಂದೆಳಿ ತಪ್ಪೈತ್ರಿ" ಎಂದರು ಅತ್ತೆ. ಎದ್ದು ಹೋಗಿ, ಅಂಚನ್ನು ಬೆರಳಲ್ಲಿ ಸವರುತ್ತ, ಸರಿಯಾಗಿ ಅಲ್ಲಿಗೇ ಬಂದು ನಿಂತರು. "ಇಲ್ಲೆ. ಇದು ಹಳೇ ಕುರೀದು."

ಹಿರಿಯವ್ವ ಬಗ್ಗಿ, ಕಂಬಳಿಯನ್ನು ಓರೆಮಾಡಿ ನೋಡಿದರು. ಕಂಡಿತು. "ಬಿಸಿಲಿಗೆ ಹಿಡದು ನೋಡಿದ್ರೂ ನನಗ ಕಾಣಲಿಲ್ಲಲ್ಲ. ನಿನಗ ಹೆಂಗ ಕಂಡಿತ?"

"ಕಾಣೂದಿಲ್ರೀ ಅವ್ವಾರ. ನನಗ ಏನೂ ಕಾಣೂದಿಲ್ಲ."

ಗಂಡನಿಗೂ ಹೇಳದ ಮಾತನ್ನು ಪರರ ಅಂಗಳದಲ್ಲಿ ನಿಂತು ಹೇಳಿಬಿಟ್ಟರು. ಹಿರಿಯವ್ವ ಅತ್ತೆಯ ಮುಖವನ್ನು, ಸುಲಿದ ತುಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನಿಂದ ಸೂಜಿ ತರಿಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಆ ಎಳೆಯನ್ನು ಬಿಡಿಸಿ ತೆಗೆದರು. ಒಂದು ಗೇಣು, ಒಂದೆಳೆಯಷ್ಟು ಖಾಲಿ ಉಳಿಯಿತು. ಹಿರಿಯವ್ವ ಆ ಅಂಚನ್ನು ತಾವೇ ಒಳಗೆ ಮಡಿಚಿ, ಕಂಬಳಿಯನ್ನು ಎದೆಗವಚಿಕೊಂಡು ದೇವರ ಕೋಣೆಗೆ ಒಯ್ದರು. ತಿರುಗಿ ಬಂದು, ಬೀಗರ ಮನೆಯಲ್ಲಿ ಶ್ರಾವಣದ ಆಚೆಗೆ ಎರಡು ಮದುವೆಗಳಿವೆ, ಈಗಲೇ ಮರಿ ನೋಡಿಟ್ಟಿರಿ ಎಂದರು.

ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ನಾನು ಕೇಳಿದೆ, ಹೇಗೆ ತಿಳಿಯಿತು ಎಂದು. ಬೆಳಿಗ್ಗೆ ಮಡಿಚುವಾಗ ಅಂಚಿನುದ್ದಕ್ಕೂ ತುಟಿ ಆಡಿಸಿದ್ದರಂತೆ. ಆಮೇಲೆ ಅವರು ಕೇಳಿದರು: "ನಿನಗ ಕಂಡಿತ್ತಲ್ಲ?"

"ಕಂಡಿತ್ರಿ."

ಬೈಯಲಿಲ್ಲ. ನನ್ನ ಬಲಗೈ ಎಳೆದುಕೊಂಡು, ನೋಡಲು ಬಂದ ದಿನದಂತೆ, ಹೆಬ್ಬೆರಳು ತೋರುಬೆರಳಿನ ತುದಿ ತಿಕ್ಕುತ್ತ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಕತ್ತರಿಯ ಬೊಬ್ಬೆ ಅಷ್ಟರಲ್ಲಿ ಗಟ್ಟಿಯಾಗಿತ್ತು. ಮನೆಗೆ ಬಂದು ಮಾವನಿಗೂ ತಾವೇ ಹೇಳಿದರು. ಮಾವ, ನನಗೆ ಎರಡು ವರ್ಷದಿಂದ ಗೊತ್ತಿದೆ, ಆಕೆಯಾಗಿ ಹೇಳಲಿ ಎಂದು ಕಾಯುತ್ತಿದ್ದೆ ಎಂದರು. ಉಣ್ಣೆ ಮುಟ್ಟಬೇಡ ಎನ್ನಲಿಲ್ಲ.

ಮುಂದಿನ ಸಲ ಮರಿಗಳಿಗೆ ಕತ್ತರಿ ಹಾಕಿದ ದಿನ ಅತ್ತೆ ಬುಟ್ಟಿಗಳ ಮುಂದೆ ನನ್ನನ್ನು ಕೂರಿಸಿದರು. ಕಣ್ಣು ಮುಚ್ಚು ಎಂದರು. ಮುಚ್ಚಿದೆ. ಒಂದು ಎಸಳನ್ನು ನನ್ನ ಕೆಳತುಟಿಗೆ ತಾಗಿಸಿದರು. ಮೊಂಡಾಗಿ ಚುಚ್ಚಿತು. ಇನ್ನೊಂದನ್ನು ತಾಗಿಸಿದರು. ಮೊದಲು ಏನೂ ಇಲ್ಲ ಎನಿಸಿತು. ಆಮೇಲೆ, ಮಲಗಿದ ಕೂಸಿನ ಉಸಿರು ತಾಗಿದಂತೆ, ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಒಂದು ಸಣ್ಣ ಸ್ಪರ್ಶ. ಆ ಮರಿ ಇನ್ನೂ ಭೂಮಿಗೆ ಬೀಳದಾಗ, ತಾಯಿಯ ಹೊಟ್ಟೆಯ ಕತ್ತಲೆಯಲ್ಲಿ ಮೂಡಿದ್ದ ತುದಿ ಅದು.

ಕಣ್ಣು ತೆರೆಯದೆಯೇ ಬಲಬುಟ್ಟಿಗೆ ಹಾಕಿದೆ. ಅತ್ತೆ ಕೈ ಚಾಚಿ ಆ ಎಸಳನ್ನು ಎತ್ತಿ, ತುಟಿಗೆ ತಾಗಿಸಿ, ಮತ್ತೆ ಅದೇ ಬುಟ್ಟಿಗೆ ಹಾಕಿದರು.