ಗಜಕರ್ಣ ಹತ್ತಿದ ತಾಲೀಮು

ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಕರೋಶಿಯ ಹುಡುಗರು ಶಾಲೆಗಿಂತ ಮೊದಲು ತಾಲೀಮು, ಅಂದರೆ ಕುಸ್ತಿಯ ಗರಡಿಮನೆ, ನೋಡುತ್ತಿದ್ದರು. ಕುಸ್ತಿ ಕಣದ ಕೆಂಪು ಮಣ್ಣಿಗೆ ಮಜ್ಜಿಗೆ, ಅರಿಶಿಣ, ಎಣ್ಣೆ ಬೆರೆಸಿ ಹದ ಮಾಡುತ್ತಿದ್ದರು. ಆ ಹುಳಿವಾಸನೆ ಶಾಲೆಯ ಬೆಂಚಿನ ತನಕ ನಮ್ಮ ಜೊತೆ ಬರುತ್ತಿತ್ತು. ಕುಸ್ತಿ ಕಲಿಸುವ ವಸ್ತಾದರು ಮುದುಕರು, ಮಾತು ಕಡಿಮೆ, ಕೈ ಜೋರು. ಪಟ್ಟು ತಪ್ಪಿದರೆ ಬೆನ್ನ ಮೇಲೆ ಬೀಳುವ ಏಟಿಗೆ ಉಸಿರು ನಿಲ್ಲುತ್ತಿತ್ತು.

ಆ ಮಳೆಗಾಲ ನನ್ನ ಅಣ್ಣ ಅಪ್ಪಾಸಾಬನ ಸೊಂಟದಲ್ಲಿ ಗಜಕರ್ಣ ಎದ್ದಿತು. ರೂಪಾಯಿಯಗಲದ ಕೆಂಪು ಉಂಗುರ, ಅಂಚು ಉಬ್ಬಿ, ನಡುವೆ ತಿಳಿ. ಕೆಲವೇ ದಿನಕ್ಕೆ ನನ್ನ ಕುತ್ತಿಗೆಗೂ ಬಂತು. ನೋಡಿದರೆ ತಾಲೀಮಿನಲ್ಲಿ ಅದಿಲ್ಲದ ಮೈಯೇ ಇರಲಿಲ್ಲ. ಲಂಗೋಟಿಗಳೆಲ್ಲ ಒಂದೇ ಹಗ್ಗದ ಮೇಲೆ, ಹಸಿ ಹಸಿ. ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಳ್ಳುತ್ತಿದ್ದೆವು. ಗೋಡೆಗೆ ಬೆನ್ನು ತಿಕ್ಕಿ ರಕ್ತ ಬರಿಸಿಕೊಳ್ಳುತ್ತಿದ್ದೆವು.

"ಕಣದ ಮಣ್ಣ ಹಚ್ಚರಿ, ಹೋಗತೈತಿ," ಅನ್ನುತ್ತಿದ್ದರು ವಸ್ತಾದರು.

ಹೋಗಲಿಲ್ಲ. ಗಡಿಯಾಚೆಯ ಊರಿನ ಪೈಲವಾನನೊಬ್ಬನ ಜೊತೆ ಅಣ್ಣನ ಕುಸ್ತಿ ನಿಶ್ಚಯವಾಗಿತ್ತು. ಜನರೆದುರು ಉಂಗುರ ಕಾಣಬಾರದೆಂದು ಅವನು ಗ್ಯಾರೇಜಿನಿಂದ ಬ್ಯಾಟರಿಯ ಆ್ಯಸಿಡ್ ತಂದ. ಕೊಟ್ಟಿಗೆಯಲ್ಲಿ ಕೂತು, ಕಡ್ಡಿಗೆ ಹತ್ತಿ ಸುತ್ತಿ ಸೊಂಟಕ್ಕೆ ಒತ್ತಿಕೊಂಡ. ಒದರಲಿಲ್ಲ, ದನದ ಹಗ್ಗ ಕಚ್ಚಿಕೊಂಡ. ಸುಟ್ಟ ಚರ್ಮದ ವಾಸನೆಗೆ ಎಮ್ಮೆ ಹಿಂದೆ ಸರಿಯಿತು.

"ನಿನಗೂ ಹಚ್ಚಲೇನ್ಲೇ?" ಅಂದ. ನಾನು ಓಡಿದೆ.

ಕುಸ್ತಿಯ ದಿನ ಅಲ್ಲಿ ಕಪ್ಪು ಹಕ್ಕಳೆ ಕಟ್ಟಿತ್ತು. ಎದುರಾಳಿ ಸೊಂಟ ಹಿಡಿದು ಎತ್ತಿದಾಗ ಅದು ಚರ್ಮ ಸಮೇತ ಅವನ ಅಂಗೈಗೆ ಬಂತು. ಅಣ್ಣನನ್ನು ಕೆಳಗೆ ಬಿಟ್ಟವನೇ ತನ್ನ ಕೈ ನೋಡಿಕೊಂಡು ಮರಾಠಿಯಲ್ಲಿ ಕೂಗಿದ: "ಹ್ಯಾಲಾ ಮಹಾರೋಗ ಹಾಯ್."

ಇವನಿಗೆ ಕುಷ್ಠವಿದೆ ಅಂದಮೇಲೆ ಮತ್ತೇನು ಬೇಕು? ಅವರ ಕಡೆಯವರು ಕಲ್ಲು ಎತ್ತಿದರು, ನಮ್ಮವರು ಬಡಿಗೆ. ಒಂದು ಕಲ್ಲು ಅಣ್ಣನ ಹುಬ್ಬು ಸೀಳಿತು. ಬಿದ್ದವನನ್ನು ಕಾಲಿನಿಂದಲೇ ಒದ್ದರು. ಕೈಯಿಂದ ಮುಟ್ಟಲು ಹೆದರಿದ್ದರು. ಒದೆಯುತ್ತಿದ್ದವನೊಬ್ಬನ ಮೀನಖಂಡಕ್ಕೆ ನಾನು ಹಲ್ಲು ಊರಿದೆ. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ವಸ್ತಾದರೇ ಬಂದು ನನ್ನ ದವಡೆ ಬಿಡಿಸಿದರು.

ಅವರೇ ನಮ್ಮಿಬ್ಬರನ್ನೂ ಚಿಕ್ಕೋಡಿಯ ದವಾಖಾನೆಗೆ ಒಯ್ದರು. ಡಾಕ್ಟರಬಾಯಿ ಹುಬ್ಬು ಹೊಲಿದು ಸೊಂಟ ನೋಡಿದರು. ಸುಟ್ಟ ಗಾಯದಾಚೆ ಉಂಗುರ ಇನ್ನಷ್ಟು ಹರಡಿತ್ತು.

"ಇದು ಮಹಾರೋಗ ಏನ್ರಿ?" ವಸ್ತಾದರು ಕೇಳಿದರು.

ಡಾಕ್ಟರಬಾಯಿ ಅಣ್ಣನ ಕಣ್ಣು ಮುಚ್ಚಿಸಿ ಉಂಗುರದ ಮೇಲೆ ಹತ್ತಿ ಆಡಿಸಿದರು. "ಗೊತ್ತಾಗ್ತೈತೇನಪಾ?"

"ಹೌದ್ರಿ."

"ಮಹಾರೋಗ ಅಲ್ಲ. ಅದಾಗಿದ್ರ ಮುಟ್ಟಿದ್ದು ಗೊತ್ತಾಗತಿರಲಿಲ್ಲ. ಹಳಸಿದ ರೊಟ್ಟಿ ಮ್ಯಾಲ ಬೂಷ್ಟು ಬರತೈತಲ್ಲ, ಅಂಥಾದ್ದು ಇದು. ಗಾಯ ಬಿಟ್ಟು ಉಂಗುರಕ್ಕ ಮುಲಾಮು ಹಚ್ಚರಿ, ಅದರ ಹೊರಗೂ ಒಂದೀಟು. ಹೋದಂಗ ಕಂಡ್ರೂ ಬಿಡಬ್ಯಾಡ್ರಿ, ಮತ್ತ ಎರಡು ವಾರ ಹಚ್ಚರಿ. ಅರಿವಿ ಕುದಿಸಿ ಬಿಸಿಲಿಗೆ ಹಾಕರಿ. ಒಬ್ಬಂವ ಹಚ್ಚಿದ್ರ ಆಗಾಂಗಿಲ್ಲ, ಎಲ್ಲಾರೂ ಕೂಡೇ ಹಚ್ಚಬೇಕು."

ವಸ್ತಾದರು ಎದ್ದು ಬಾಗಿಲು ಮುಚ್ಚಿ ಧೋತರ ಸರಿಸಿದರು. ತೊಡೆ ತುಂಬ ಕಪ್ಪುಗಟ್ಟಿದ ಉಂಗುರಗಳು.

"ಹರೇದಾಗಿಂದ ಐತ್ರಿ," ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಅವರೇ ತಾಲೀಮಿನ ಅಂಗಳದಲ್ಲಿ ಹಂಡೆ ಇಟ್ಟು ಎಲ್ಲರ ಲಂಗೋಟಿ ಕುದಿಸಿದರು. ಮುಲಾಮು ಮರೆತವರ ಬೆನ್ನಿಗೆ ಏಟು ಬಿತ್ತು. ದೀಪಾವಳಿಯ ಹೊತ್ತಿಗೆ ಎಲ್ಲರ ಮೈ ತಿಳಿಯಾಯಿತು, ವಸ್ತಾದರದೂ.

ಮಹಾರೋಗಿ ಎಂಬ ಹೆಸರು ಮಾತ್ರ ಅಳಿಯಲಿಲ್ಲ. ಅಣ್ಣನ ಜೊತೆ ಕುಸ್ತಿಗೆ ಸುತ್ತಲ ಊರಿನ ಯಾರೂ ಒಪ್ಪಲಿಲ್ಲ. ವಸ್ತಾದರು ಡಾಕ್ಟರಬಾಯಿಯ ಮಾತು ಹೇಳಿಕೊಂಡು ಊರೂರು ತಿರುಗಿದರು. ಅಲ್ಲಿಯವರು ಚಹಾ ಕುಡಿಸಿ ಕಳಿಸಿದರು, ಅಷ್ಟೇ. ಅಣ್ಣ ಕಬ್ಬಿನ ಹೊಲ ಹಿಡಿದ. ಅವನ ಮದುವೆಯಲ್ಲಿ ಅರಿಶಿಣ ಹಚ್ಚುವ ಅತ್ತೆಯಂದಿರು ಬನಿಯನ್ ತೆಗೆ ಅಂದಾಗ, "ಮಾರಿಗಷ್ಟ ಹಚ್ಚರಿ, ಮೈಗೆ ಬ್ಯಾಡ," ಅಂದುಬಿಟ್ಟ.

ಈಗ ತಾಲೀಮಿದ್ದ ಜಾಗದಲ್ಲಿ ಗೊಬ್ಬರದ ಗೋದಾಮು. ಊರ ಹುಡುಗರು ಚಿಕ್ಕೋಡಿಯ ಜಿಮ್ಮಿಗೆ ಹೋಗುತ್ತಾರೆ. ಅಲ್ಲಿ ಯಾರೂ ಯಾರ ಮೈ ಹಿಡಿಯುವುದಿಲ್ಲ. ತಾಲೀಮಿನಲ್ಲಿದ್ದ ಹಾಗೆ, ತಾನು ಕೆಡವಿದವನನ್ನು ತಾನೇ ಎಬ್ಬಿಸಿ, ಅವನ ಬೆನ್ನಿನ ಮಣ್ಣು ಒರೆಸುವುದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅರ್ಧಕ್ಕೇ ನಿಂತ ಆ ಕುಸ್ತಿಯನ್ನು ಅಣ್ಣ ಗೆಲ್ಲುತ್ತಿದ್ದನೋ ಸೋಲುತ್ತಿದ್ದನೋ, ಅದು ಯಾರಿಗೂ ಗೊತ್ತಾಗಲಿಲ್ಲ.